ಅಪ್‌ಡೇಟ್: ಡಯಾಲಿಸಿಸ್ ಶುರುವಾಗಿ ಎಂಟು ತಿಂಗಳು

"ವಾಸಿಯಾಗದ ಕಾಯಿಲೆಗೆ ಪ್ರಾರ್ಥಿಸಿ ಏನು ಪ್ರಯೋಜನ?" ಎಂದು ಹಿಂದೊಮ್ಮೆ ಇಲ್ಲಿ ಕೇಳಿದ್ದವಳು ನಾನೇ. ಉತ್ತರಿಸಿದ ಎಲ್ಲರಿಗೂ ಕೈ ಮುಗಿಯುತ್ತೇನೆ.

ಕಿಡ್ನಿ ಸರಿಹೋಗಿಲ್ಲ. ವಾರಕ್ಕೆ 3 ಸಲ, 4 ಗಂಟೆ ಮಷೀನಿನ ಪಕ್ಕ. ಕಸಿಗೆ ಹೆಸರು ಬರೆಸಿದ್ದೇವೆ.

ಒಬ್ಬರು ಬೈಬಲಿನ 88ನೇ ಕೀರ್ತನೆ ಓದಿ ಅಂದಿದ್ದಿರಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಸಮಾಧಾನದ ಮಾತಿಲ್ಲ. ಓದಿ ತುಂಬಾ ಅತ್ತೆ. ಇಂಥ ಗೋಳಿಗೂ ಬೈಬಲಿನಲ್ಲಿ ಜಾಗವಿದೆ ಅಂದಮೇಲೆ ನನ್ನ ಸಿಟ್ಟನ್ನೂ ದೇವರ ಮುಂದೆ ಇಡಬಹುದು ಅನ್ನಿಸಿತು. ಇಟ್ಟೆ. ನಿಜವಾಗಿ ಪ್ರಾರ್ಥಿಸಲು ಶುರುಮಾಡಿದ್ದು ಅಂದಿನಿಂದಲೇ.

ಯೇಸುವಿನ ಅಪೊಸ್ತಲ ಪೌಲನೂ ತನ್ನನ್ನು ಮುಳ್ಳಿನಂತೆ ಚುಚ್ಚುತ್ತಿದ್ದ ಬಾಧೆ ಹೋಗಲಿ ಎಂದು ಮೂರು ಸಲ ಬೇಡಿದ, ಆ ಮುಳ್ಳು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂದು ಅವನಿಗೆ ಸಿಕ್ಕ ಉತ್ತರ ಮೊದಲು ನನಗೆ ಕಠೋರವಾಗಿ ಕೇಳಿಸುತ್ತಿತ್ತು.

ಈಗ ಡಯಾಲಿಸಿಸ್ ನಡೆಯುವಾಗ ಫಿಸ್ಟುಲಾ (ಸೂಜಿ ಚುಚ್ಚಲೆಂದು ಜೋಡಿಸಿದ ರಕ್ತನಾಳ) ಇರುವ ಕೈ ಅಲ್ಲಾಡಿಸುವಂತಿಲ್ಲ, ಇನ್ನೊಂದು ಕೈಯಲ್ಲಿ ಜಪಮಾಲೆ. ಅಕ್ಕಪಕ್ಕದ ಹಾಸಿಗೆಯವರಿಗಾಗಿ ಒಂದೊಂದೇ ಮಣಿ ಎಣಿಸುತ್ತೇನೆ. ಹೋದ ವಾರ ಬಂದ ಹುಡುಗಿ ಸೂಜಿ ನೋಡಿ ನಡುಗುತ್ತಿದ್ದಳು. "ಅಕ್ಕಾ, ನನಗೂ ಪ್ರಾರ್ಥಿಸ್ತೀರಾ?" ಅಂದಳು. ನಾಳೆ ಬೆಳಿಗ್ಗೆ ನಮ್ಮಿಬ್ಬರದೂ ಒಂದೇ ಪಾಳಿ. ಅವಳನ್ನು ನೀವೂ ನೆನೆಯಿರಿ.