ಊರ ಮನೆಯ ಪಾಲೂ ಲೆಕ್ಕಕ್ಕೆ ಬರುತ್ತದೆ, ಪುಟ್ಟಾ

ಪುಟ್ಟಾ, ರೆಡಿಂಗ್‌ನಲ್ಲಿ 3,20,000 ಪೌಂಡಿನ ಮನೆ ನೋಡಿದ್ದೇವೆ, ಮೊದಲ ಮನೆ, ಸ್ಟ್ಯಾಂಪ್ ಡ್ಯೂಟಿ ಬರೀ ಸಾವಿರ ಅಂತ ಗ್ರೂಪಿಗೆ ಹಾಕಿದ್ದೀಯಲ್ಲ. ಖುಷಿ ಆಯ್ತು ಕಣೋ. ಅಡುಗೆ ಮಾಡುತ್ತಾ ಮಾತಾಡುತ್ತಿದ್ದೇನೆ, ಕುಕ್ಕರ್ ಕೂಗಿದರೆ ಬೈಯಬೇಡ.

ನಿನ್ನ ಲೆಕ್ಕ ಸರಿ. ಮೊದಲ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ, 3,00,000 ತನಕ ಏನೂ ಇಲ್ಲ, ಮೇಲಿನ ಇಪ್ಪತ್ತು ಸಾವಿರಕ್ಕೆ 5 ಪರ್ಸೆಂಟ್. ಆದರೆ ಮೊದಲ ಮನೆ ಅಂದರೆ ಇಂಗ್ಲೆಂಡಿನಲ್ಲಿ ಮೊದಲನೆಯದು ಅಂತಲ್ಲ. ಪ್ರಪಂಚದಲ್ಲಿ ಎಲ್ಲೂ, ಯಾವತ್ತೂ ನಿನ್ನ ಹೆಸರಿಗೆ ಮನೆ ಇದ್ದಿರಬಾರದು. ಅಪ್ಪನಿಂದ ಬಂದ ಪಾಲೂ ಲೆಕ್ಕಕ್ಕೇ. ಚಿಕ್ಕಪ್ಪ ಹೋದ ಮೇಲೆ ತೀರ್ಥಹಳ್ಳಿ ಮನೆಯ ಖಾತೆಗೆ ಚಿಕ್ಕಮ್ಮ, ನಿನ್ನ ಅಣ್ಣ, ನೀನು ಮೂವರ ಹೆಸರೂ ಕೂತಿತು, ಅಲ್ವಾ? ನೀನು ವಿಡಿಯೋ ಕಾಲ್‌ನಲ್ಲಿ ಆಧಾರ್ ಕಾರ್ಡ್ ಹಿಡಿದು ತೋರಿಸಿದ್ದು ನನಗಿನ್ನೂ ನೆನಪಿದೆ, ತಲೆಕೆಳಗಾಗಿ ಹಿಡಿದಿದ್ದೆ! ನೀನೂ ನಿನ್ನ ಹೆಂಡತಿಯೂ ಜಂಟಿಯಾಗಿ ಕೊಳ್ಳುವಾಗ ಇಬ್ಬರೂ ಮೊದಲ ಸಲದವರೇ ಆಗಿರಬೇಕು. ಹಾಗಾಗಿ ಆ ರಿಯಾಯಿತಿ ಇಲ್ಲ, ನಿಮಗೆ ಬೀಳುವುದು ಸಾವಿರ ಅಲ್ಲ, ಆರು ಸಾವಿರ.

ಈಗ ಅಣ್ಣನಿಗೆ ಹಕ್ಕು ಬಿಡುಗಡೆ ಬರೆದುಕೊಟ್ಟರೂ ಪ್ರಯೋಜನವಿಲ್ಲ. ಒಮ್ಮೆ ಇತ್ತು ಅಂದರೆ ಇತ್ತು.

2019ರಲ್ಲಿ ನಾವೂ ಇದೇ ಹಳ್ಳಕ್ಕೆ ಬಿದ್ದವರು. ನಿಮ್ಮ ಭಾವನ ಹೆಸರಲ್ಲಿ ತುಮಕೂರಿನಲ್ಲಿ ಮನೆ ಇತ್ತು, ಮಾರಿ ಎಷ್ಟೋ ವರ್ಷ ಆಗಿತ್ತು. ಇಂಡಿಯಾದ್ದು ಯಾರು ಕೇಳ್ತಾರೆ ಅಂದ ಮನೆ ತೋರಿಸಿದ ಏಜೆಂಟ್. ಮನೆ ಕಾಗದಪತ್ರ ನೋಡುವ ವಕೀಲರು, ಸಾಲಿಸಿಟರ್, ಕೇಳಿದರು! ಅದೂ ಕೀ ಕೈಗೆ ಬರುವ ವಾರದಲ್ಲಿ. ಸೋಫಾಗೆ ಅಂತ ಎತ್ತಿಟ್ಟ ದುಡ್ಡು ಅಲ್ಲಿಗೇ ಹೋಯಿತು. ಆರು ತಿಂಗಳು ಬಂದವರನ್ನೆಲ್ಲ ಚಾಪೆ ಮೇಲೆ ಕೂರಿಸಿದೆ.

ಇನ್ನೊಂದು. ನಿನ್ನ ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದರೆ ಎರಡನೇ ಮನೆ ಅಂತ ಪೂರ್ತಿ ಬೆಲೆಗೆ ಇನ್ನೂ 5 ಪರ್ಸೆಂಟ್ ಬೀಳಬಹುದು, ಅಂದರೆ 16,000. ಆ ಹೆಂಚಿನ ಮನೆಯ ಮೂರನೇ ಒಂದು ಪಾಲು ಅಷ್ಟು ಬಾಳಲಿಕ್ಕಿಲ್ಲ. ಆದರೂ ಸುಮ್ನೆ ಅಂದಾಜಿನ ಮೇಲೆ ಹೋಗಬೇಡ, ಬೆಲೆ ಕಟ್ಟಿಸು.

ಪಾಲು ಅದಕ್ಕಿಂತ ಕಡಿಮೆ ಇದ್ದರೆ ನಿನ್ನ ಹೆಂಡತಿ ಒಬ್ಬಳೇ ಕೊಳ್ಳುವ ದಾರಿ ಇದೆ. ಅವಳಿಗೆ ಅವರಪ್ಪ ಕೊಟ್ಟಿರುವುದು ಖಾಲಿ ಸೈಟ್ ತಾನೇ? ಖಾಲಿ ಸೈಟ್ ಮನೆ ಅಲ್ಲ. ಆಗ ಸಾವಿರವೇ. ಆದರೆ ಅವಳೊಬ್ಬಳ ಸಂಬಳಕ್ಕೆ ಅಷ್ಟು ಸಾಲ ಕೊಡುತ್ತಾರಾ, ಅದು ನೋಡಬೇಕು.

ಚಿಕ್ಕಮ್ಮನಿಂದ ಖಾತೆ ಪತ್ರದ ಫೋಟೋ ಇವತ್ತೇ ತರಿಸಿಕೊಂಡು ಸಾಲಿಸಿಟರ್‌ಗೆ ಕಳಿಸು. ಏಜೆಂಟ್ ಮಾತು ಕೇಳಬೇಡ. ಅಯ್ಯೋ, ನಾಲ್ಕನೇ ಸೀಟಿ, ಬೇಳೆ ಕರಗಿಹೋಯ್ತು. ಇಡ್ತೀನಿ.