'ಅಪ್ಪಾ, ಇಂಗ್ಲೆಂಡಿನದು ಎಲ್ಲಿದೆ?'

ಮಗುವನ್ನು ಶಾಲೆಯ ಪ್ರಾರ್ಥನೆಯಿಂದ ಬಿಡಿಸಬೇಕಾ ಅಂತ ಕೇಳಿದ್ದೀರಿ. ನಾವು ಬಿಡಿಸಲಿಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ದಿನಾ ಪ್ರಾರ್ಥನೆ ಇರಬೇಕು, ಅದು ಹೆಚ್ಚಾಗಿ ಕ್ರೈಸ್ತ ರೀತಿಯದೇ ಆಗಿರಬೇಕು ಅಂತ ಕಾನೂನೇ ಇದೆ. ಬೇಡ ಅಂತ ತಂದೆ ತಾಯಿ ತಿಳಿಸಿದರೆ ಸಾಕು, ಕಾರಣ ಕೊಡಬೇಕಿಲ್ಲ. ಆದರೆ ಎಲ್ಲರೂ ಹಾಲ್‌ನಲ್ಲಿರುವಾಗ ನಮ್ಮವಳೊಬ್ಬಳೇ ಲೈಬ್ರರಿಯಲ್ಲಿ ಕೂರಬೇಕಲ್ಲ ಅಂತ ಸುಮ್ಮನಾದೆವು. ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಆಗಿದ್ದಳು. ಮನೆಗೆ ಬಂದವಳೇ ಹತ್ತಿಯ ಕಿವಿ ಕೂಡ ಬಿಚ್ಚದೆ ದೇವರಿಗೆ ದೀಪ ಹಚ್ಚಿದಳು.

ತಲೆ ಕೆಡಿಸಿದ್ದು ಬೇರೆ ವಿಷಯ. ಹಿಂದಿನ ಹೆಡ್‌ಟೀಚರ್ ಇದ್ದಾಗ ಪ್ರಾರ್ಥನೆ ಹೆಸರಿಗಷ್ಟೇ. ಹೊಸಬರು ಬಂದಮೇಲೆ ದಿನಾ ಕಣ್ಣು ಮುಚ್ಚಿ ಕೈ ಜೋಡಿಸುವುದು ಶುರುವಾಯಿತು. ಕಾನೂನೇನೂ ಬದಲಾಗಿರಲಿಲ್ಲ.

ಆಗಸ್ಟ್ ರಜೆಗೆ ಚಿಕ್ಕಮಗಳೂರಿಗೆ ಹೋಗಿದ್ದೆವು. ಬಿಡದ ಮಳೆ. ಜಗಲಿಯಲ್ಲಿ ಅಣ್ಣನ ಮಗ ಹಲಸಿನ ಹಪ್ಪಳ ಮುರಿಯುತ್ತಾ ಸಂವಿಧಾನದ ಪೀಠಿಕೆಯನ್ನು ಒಂದೇ ಉಸಿರಿಗೆ ಒಪ್ಪಿಸಿದ. ಈಗ ಅಲ್ಲಿ ಶಾಲೆಗಳಲ್ಲಿ ಅದನ್ನು ಓದಿಸುತ್ತಾರೆ. ನನ್ನ ಮಗಳು, 'ಅಪ್ಪಾ, ಇಂಗ್ಲೆಂಡಿನದು ಎಲ್ಲಿದೆ?' ಅಂದಳು.

ಒಂದೇ ಪುಸ್ತಕದಲ್ಲಿ ಇಲ್ಲ ಕಣೇ ಅಂದೆ. ಹಳೇ ಕಾಯ್ದೆಗಳು, ತೀರ್ಪುಗಳು, ನಡೆದುಬಂದ ರೂಢಿ, ಎಲ್ಲ ಸೇರಿದ್ದು. ರಾಜರೇ ಚರ್ಚ್ ಆಫ್ ಇಂಗ್ಲೆಂಡಿನ ಮುಖ್ಯಸ್ಥರು. ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಬಿಷಪ್ಪರಿಗೆ ಜಾಗ. ಪಾರ್ಲಿಮೆಂಟಿನಲ್ಲಿ ಬಹುಮತ ಇದ್ದರೆ ಯಾವ ಕಾಯ್ದೆಯನ್ನಾದರೂ ತಿದ್ದಬಹುದು. 'ಹಾಗಾದ್ರೆ ಹೆಡ್‌ಟೀಚರ್‌ಗೆ ಏನು ತೋರಿಸೋದು?' ಅಂದಳು.

ಭಾರತದಲ್ಲಾದರೆ 28ನೇ ವಿಧಿ ತೋರಿಸಬಹುದು. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. (ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಶಾರದಾ ಪೂಜೆಯ ಚರುಪಿಗೆ ನಾವೆಲ್ಲ ಸಾಲು ನಿಲ್ಲುತ್ತಿದ್ದೆವು, ಅದು ಬೇರೆ ಮಾತು.) ಜಾತ್ಯತೀತ ಅನ್ನೋ ಪದ ಪೀಠಿಕೆಗೆ ಬಂದದ್ದು 1976ರಲ್ಲಿ, ಆದರೆ ಈ ವಿಧಿ 1950ರಿಂದಲೇ ಇದೆ. 1994ರಲ್ಲಿ ನಮ್ಮ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಜಾತ್ಯತೀತತೆ ಸಂವಿಧಾನದ ಮೂಲರಚನೆಗೇ ಸೇರಿದ್ದು ಅಂದಿತು. ಅಂದರೆ ತಿದ್ದುಪಡಿ ಮಾಡಿಯೂ ಕಿತ್ತುಹಾಕುವಂತಿಲ್ಲ.

ಅಣ್ಣ ನಕ್ಕ. 'ಬರೆದಿಟ್ಟು ಏನಾಯ್ತು? ಬಾಬಾ ಬುಡನ್‌ಗಿರಿ ಜಗಳ ನಿಂತಿತಾ?' ಆ ದರ್ಗಾ-ದತ್ತಪೀಠದ ಜಗಳ ನಿಂತಿಲ್ಲ, ನಿಜ. ಆದರೆ ಆ ಜಗಳ ಕೋರ್ಟಿಗೆ ಹೋದಾಗ ಅಲ್ಲಿ ಬಿಚ್ಚುವುದು ಅದೇ ಪುಸ್ತಕವನ್ನ, ಅಲ್ವಾ? ಅಣ್ಣ ಒಪ್ಪಲಿಲ್ಲ. ಕಾಫಿ ಬಂತು, ಮಾತು ಕಾಳುಮೆಣಸಿನ ರೇಟಿಗೆ ತಿರುಗಿತು.

ನೀವು ಬಿಡಿಸುವುದಾದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಇಮೇಲ್ ಮಾಡಿ, ಅವರ ಉತ್ತರ ತೆಗೆದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಮಗುವನ್ನು ಎಲ್ಲಿ ಕೂರಿಸುತ್ತಾರೆ, ಜೊತೆಗೆ ಯಾರಿರುತ್ತಾರೆ ಅಂತಲೂ ಅದರಲ್ಲೇ ಕೇಳಿಬಿಡಿ.