ನೇಕಾರರ ಮನೆಯ ಉತ್ಪಾದಕತೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ:
ರಬಕವಿ-ಬನಹಟ್ಟಿಯಂಥ ಊರಿನ ಒಂದು ಮಗ್ಗದ ಮನೆಯನ್ನು ನೆನೆದುಕೊಳ್ಳಿ. ಗಂಡ ಮಗ್ಗ ನಡೆಸುತ್ತಾನೆ, ಹೆಂಡತಿ ಅಡುಗೆಯ ನಡುವೆ ಕಂಡಿಕೆ (ಮಗ್ಗಕ್ಕೆ ಬೇಕಾದ ನೂಲಿನ ಉರುಳೆ) ಸುತ್ತುತ್ತಾಳೆ, ಲೆಕ್ಕದ ಪುಸ್ತಕವೆಂಬುದು ಇಲ್ಲವೇ ಇಲ್ಲ. ಹೀಗಿರುವಾಗ ‘ತಲಾ ಕೆಲಸಗಾರರ ಉತ್ಪಾದನೆ’ ಎಂಬ ಅಂಕಿ ಎಲ್ಲಿಂದ ಬರುತ್ತದೆ? ಅದನ್ನು ಎಷ್ಟು ನಂಬಬಹುದು?

ಉತ್ತರ 1:
ಅದು ಒಂದು ಭಾಗಾಕಾರ. ತೊಡಕೆಂದರೆ ಭಾಜ್ಯ (ಉತ್ಪಾದನೆಯ ಮೌಲ್ಯ) ಒಂದು ಸಮೀಕ್ಷೆಯಿಂದ, ಭಾಜಕ (ಕೆಲಸಗಾರರ ಸಂಖ್ಯೆ) ಇನ್ನೊಂದರಿಂದ ಬರುತ್ತದೆ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕೃಷಿಯೇತರ ಅಸಂಘಟಿತ ಉದ್ಯಮಗಳು 6.34 ಕೋಟಿ, ಅವುಗಳಲ್ಲಿ ದುಡಿಯುವವರು 11.13 ಕೋಟಿ. ಅದಕ್ಕೆ ಹಿಂದಿನ ಇಂಥ ಸಮೀಕ್ಷೆ ನಡೆದದ್ದು 2010-11ರಲ್ಲಿ. ನಡುವಿನ ವರ್ಷಗಳನ್ನು ತುಂಬಲು, 2011-12ನ್ನು ಮೂಲವರ್ಷವಾಗಿಟ್ಟುಕೊಂಡ ಜಿಡಿಪಿ (ದೇಶದ ಒಟ್ಟು ಉತ್ಪನ್ನ) ಸರಣಿಯಲ್ಲಿ, ಬಹುಮಟ್ಟಿಗೆ ಸಂಘಟಿತ ವಲಯದ ಸೂಚಕಗಳನ್ನೇ ಆಧರಿಸಲಾಯಿತು. ಆದ್ದರಿಂದಲೇ 2016ರ ನೋಟು ರದ್ದತಿಯಿಂದ ಸಣ್ಣ ಉದ್ಯಮಗಳಿಗೆ ಬಿದ್ದ ಪೆಟ್ಟು ಅಂಕಿಗಳಲ್ಲಿ ಸರಿಯಾಗಿ ಕಾಣಲಿಲ್ಲವೆಂಬ ಟೀಕೆ ಬಂದಿತು. ಟೀಕೆ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ. 2021-22ರಿಂದ ಈ ಸಮೀಕ್ಷೆ ವರ್ಷವರ್ಷವೂ ನಡೆಯುತ್ತಿದೆ.

ಭಾಜಕದ ಕಥೆ ಇನ್ನೂ ವಿಚಿತ್ರ. ಕಂಡಿಕೆ ಸುತ್ತುವ ಹೆಂಡತಿ ಗಣತಿದಾರರ ಮುಂದೆ ‘ನಾನು ಮನೆಯಲ್ಲೇ ಇರುತ್ತೇನೆ’ ಎಂದರೆ ಆ ಮನೆಯಲ್ಲಿ ಕೆಲಸಗಾರ ಒಬ್ಬನೇ. ಮನೆಯ ಉದ್ಯಮಕ್ಕೆ ಸಂಬಳವಿಲ್ಲದ ಸಹಾಯಕಿ ಎಂದು ಬರೆದುಕೊಂಡರೆ ಇಬ್ಬರು. ಮಗ್ಗದಿಂದ ಇಳಿದ ಸೀರೆಗಳು ಅಷ್ಟೇ ಇದ್ದರೂ ಉತ್ಪಾದಕತೆ ಅರ್ಧಕ್ಕಿಳಿಯುತ್ತದೆ! ವರ್ಷಕ್ಕೆ 30 ದಿನ ದುಡಿದವರನ್ನೂ ಉಪವೃತ್ತಿಯ ಕೆಲಸಗಾರರೆಂದು ಎಣಿಸುವುದರಿಂದ, ತಲೆಗಳಿಗಿಂತ ದುಡಿದ ಗಂಟೆಗಳನ್ನು ಎಣಿಸುವುದು ಮೇಲು.

ಉತ್ತರ 2:
ಬೆಲೆಯ ವಿಷಯವನ್ನೂ ಸೇರಿಸಬೇಕು. ನೂಲಿನ ಬೆಲೆ ಇಳಿದು ಸೀರೆಯ ಬೆಲೆ ಹಾಗೆಯೇ ಉಳಿದರೆ ಮನೆಯ ಮೌಲ್ಯವರ್ಧನೆ, ಅಂದರೆ ಸೀರೆಯ ಬೆಲೆಯಲ್ಲಿ ನೂಲಿನಂಥ ಖರ್ಚು ಕಳೆದು ಉಳಿಯುವುದು, ಹೆಚ್ಚುತ್ತದೆ. ಬೆಲೆಯ ಏರಿಳಿತದ ಪರಿಣಾಮ ಕಳೆಯಲು ಅದನ್ನು ಸೀರೆಯ ಬೆಲೆಸೂಚ್ಯಂಕದಿಂದ ಮಾತ್ರ ಸರಿದೂಗಿಸಿದರೆ, ನೇಯ್ಗೆ ಒಂದು ಗೇಣೂ ಹೆಚ್ಚದಿದ್ದರೂ ಉತ್ಪಾದಕತೆ ಏರಿದಂತೆ ತೋರುತ್ತದೆ. ನೂಲಿಗೂ ಸೀರೆಗೂ ಬೇರೆಬೇರೆ ಸೂಚ್ಯಂಕ ಬಳಸಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಆಕೆಯ ಅಡುಗೆಯ ಹೊತ್ತು ಯಾವ ಲೆಕ್ಕಕ್ಕೆ?

ಉತ್ತರ 3:
ರಾಷ್ಟ್ರೀಯ ಲೆಕ್ಕಕ್ಕೆ ಅದು ಬರುವುದಿಲ್ಲ. ಮನೆಯ ಬಳಕೆಗೆಂದು ಕರೆದ ಹಾಲು ಉತ್ಪಾದನೆ, ಆ ಹಾಲನ್ನು ಕಾಯಿಸುವುದು ಮಾತ್ರ ಅಲ್ಲ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಅದಕ್ಕೆ ವ್ಯಯಿಸಿದ್ದು ಕಂಡುಬಂದಿತು. ಕಂಡಿಕೆಯ ಕೆಲಸ ಈ ಹೊತ್ತಿನ ಸಂದಿಯಲ್ಲೇ ನಡೆಯುವುದರಿಂದ, ಎರಡನ್ನೂ ಬೇರ್ಪಡಿಸಿ ಕೇಳುವ ವ್ಯವಧಾನ ಗಣತಿದಾರರಿಗೆ ಇರಬೇಕಾಗುತ್ತದೆ.